ಮನೆಯ ಮಿಲ್ಲಿಂಗ್ ಮೆಷಿನ್‌ಗೆ ಏನು ಜೋಡಿಸಬೇಕು, ಏನು ಬದಲಿಸಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಮೊದಲು ಅಡಿಕೆ ಮೂಟೆ ಇಡುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಒಂದು ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ), ಒಂದು ಸಣ್ಣ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟ್ಟರ್‌ನಿಂದ ಲೋಹ ಕಡಿಯುವ ಯಂತ್ರ) ಇವೆ. ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ, ಮದ್ದು ಬಿಡುವ ಪಂಪಿನ ಸವೆದ ತುಂಡು, ಅಕ್ಕಪಕ್ಕದವರ ಪುಲ್ಲಿಗೆ ಕೀ-ವೇ (ಕೀಲು ಕೂರುವ ಸೀಳು), ಹೀಗೆ ಕೆಲಸ ಬರುತ್ತಲೇ ಇರುತ್ತದೆ. ಮಂಜೇಶ್ವರ, ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯಲ್ಲೂ ಮನೆಯಲ್ಲೇ ಮೆಷಿನ್ ಇಟ್ಟುಕೊಂಡವರಿದ್ದಾರೆ. ಅವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮೇಜಿನ ಮೇಲೋ ಸ್ಟ್ಯಾಂಡಿನ ಮೇಲೋ ಕೂರುವ, 60 ರಿಂದ 300 ಕಿಲೋ ತೂಕದ ಮೆಷಿನ್‌ಗಳಿಗೆ ಈ ಮಾತು.

ಮೆಷಿನ್ ಬಂದಿದೆ. ಮೊದಲು ಏನು ಕೊಳ್ಳಲಿ?

ಒಳ್ಳೆಯ ವೈಸ್ (ಎರಡು ದವಡೆಯ ನಡುವೆ ತುಂಡನ್ನು ಬಿಗಿಯುವ ಸಾಧನ), ಕಟ್ಟರ್ ಹಿಡಿಯುವ ಒಂದು ಕೋಲೆಟ್ ಸೆಟ್, ತುಂಡನ್ನು ಟೇಬಲ್‌ಗೆ ಬಿಗಿಯುವ ಕ್ಲ್ಯಾಂಪ್ ಸೆಟ್, 0.01 ಮಿ.ಮೀ. ತೋರಿಸುವ ಡಯಲ್ ಗೇಜ್. ಇಷ್ಟೇ. ಡಿಜಿಟಲ್ ರೀಡ್‌ಔಟ್ (ಟೇಬಲ್ ಎಲ್ಲಿದೆ ಎಂದು ಅಂಕಿಯಲ್ಲಿ ತೋರಿಸುವುದು), ಪವರ್ ಫೀಡ್ (ಟೇಬಲನ್ನು ಮೋಟಾರ್‌ನಿಂದ ಓಡಿಸುವುದು), ರೋಟರಿ ಟೇಬಲ್ (ತುಂಡನ್ನು ಅಳತೆಯಾಗಿ ತಿರುಗಿಸುವುದು) ಎಲ್ಲ ಆಮೇಲೆ. ಜಾಬ್, ಅಂದರೆ ಕಡಿಯುವ ತುಂಡು, ಅಲುಗಾಡದೆ ಕೂರಬೇಕು, ಕಟ್ಟರ್ ನೇರ ತಿರುಗಬೇಕು, ಕಟ್ಟರನ್ನು ತಿರುಗಿಸುವ ಹೆಡ್ ಟೇಬಲ್‌ಗೆ ನೆಟ್ಟಗಿರಬೇಕು. ಈ ಮೂರೂ ಸರಿಯಿಲ್ಲದ ಮೆಷಿನ್‌ಗೆ ಏನು ಸಿಕ್ಕಿಸಿದರೂ ದುಡ್ಡು ನೀರಿಗೆ ಹಾಕಿದ ಹಾಗೆ.

ಕ್ಲ್ಯಾಂಪ್ ಸೆಟ್ ತರುವ ಮೊದಲು ಟೇಬಲ್‌ನ ಟಿ-ಸ್ಲಾಟ್ (ಬೋಲ್ಟ್ ಕೂರುವ ಟಿ ಆಕಾರದ ಸೀಳು) ಅಗಲ ಅಳೆಯಿರಿ. 12 ಮಿ.ಮೀ. ಸ್ಲಾಟ್ ಇದ್ದರೆ ಎಂ10 ಸ್ಟಡ್‌ನ ಸೆಟ್, 14 ಇದ್ದರೆ ಎಂ12. ಅಳೆಯದೆ ತಂದು ಎಲ್ಲ ಟಿ-ನಟ್‌ಗಳನ್ನೂ ಉಜ್ಜುತ್ತಾ ಕೂತವರನ್ನು ನೋಡಿದ್ದೇನೆ.

ಕೋಲೆಟ್ ಯಾವುದು? ಡ್ರಿಲ್ ಚಕ್‌ನಲ್ಲೇ ಎಂಡ್ ಮಿಲ್ (ಮಿಲ್ಲಿಂಗ್ ಕಟ್ಟರ್) ಹಿಡಿದರೆ ಆಗಲ್ವಾ?

ಆಗುವುದಿಲ್ಲ, ದಯವಿಟ್ಟು ಬೇಡ. ಡ್ರಿಲ್ ಚಕ್ ನೇರ ಒತ್ತುವ ಬಲಕ್ಕೆ ಮಾಡಿದ್ದು. ಮಿಲ್ಲಿಂಗ್‌ನಲ್ಲಿ ಬಲ ಪಕ್ಕದಿಂದ ಬರುತ್ತದೆ. ಎಂಡ್ ಮಿಲ್ ನಿಧಾನಕ್ಕೆ ಕೆಳಗೆ ಜಾರಿ ಜಾಬ್‌ನೊಳಗೆ ಇಳಿಯುತ್ತದೆ. ಕೆಲವೊಮ್ಮೆ ಚಕ್ಕೇ ತಾನು ಕೂತ ಓರೆ ತೂತಿನಿಂದ, ಅಂದರೆ ಟೇಪರ್‌ನಿಂದ, ಕಳಚಿ ತಿರುಗುತ್ತಲೇ ಬೀಳುತ್ತದೆ.

ಮೊದಲು ನಿಮ್ಮ ಸ್ಪಿಂಡಲ್‌ನ (ಕಟ್ಟರ್ ತಿರುಗಿಸುವ ದಂಡದ) ಟೇಪರ್ ಯಾವುದು ತಿಳಿದುಕೊಳ್ಳಿ. ಸಣ್ಣ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಎಂಟಿ3 (ಮೋರ್ಸ್ ಟೇಪರ್ 3) ಅಥವಾ ಆರ್8 ಇರುತ್ತದೆ. ಆರ್8 ಆದರೆ ಡ್ರಾಬಾರ್ (ಹೋಲ್ಡರನ್ನು ಮೇಲಿಂದ ಎಳೆದು ಬಿಗಿಯುವ ಉದ್ದ ಬೋಲ್ಟ್) ನೂಲು 7/16 ಇಂಚು, ಇಂಚಿಗೆ 20. ಎಂಟಿ3ರಲ್ಲಿ ಎಂ12 ಜಾಸ್ತಿ, 3/8 ಇಂಚೂ ಇದೆ. ಇದನ್ನು ನೋಡದೆ ತರಿಸಿದರೆ ಹೋಲ್ಡರ್ ಬಂದು ಕೂರುತ್ತದೆ, ಬಿಗಿಯಲು ಆಗುವುದಿಲ್ಲ.

ಆ ಟೇಪರ್‌ಗೆ ಒಂದು ಇಆರ್ ಕೋಲೆಟ್ ಚಕ್ ಹಾಕಿಕೊಳ್ಳಿ. ಇಆರ್ 25 ಸೆಟ್ 16 ಮಿ.ಮೀ. ವರೆಗೆ ಹಿಡಿಯುತ್ತದೆ, ಇಆರ್ 32 ಸೆಟ್ 20ರ ವರೆಗೆ. ಮನೆಯ ಮೆಷಿನ್‌ಗೆ ಇಆರ್ 25 ಸಾಕು. ಹೆಡ್‌ನ ಕೆಳಗೆ ಜಾಗ ಉಳಿಯುತ್ತದೆ. ಲೇತ್‌ಗೂ ಬೇಕು ಎಂದರೆ 32 ತನ್ನಿ.

ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಇಆರ್ ಕೋಲೆಟ್ಟನ್ನು ಮೊದಲು ನಟ್‌ನೊಳಗೆ ಸ್ವಲ್ಪ ಓರೆ ಹಿಡಿದು 'ಟಕ್' ಎಂದು ಕೂರಿಸಬೇಕು. ಆಮೇಲೆ ನಟ್ ಸಮೇತ ಚಕ್‌ಗೆ ಹಾಕಬೇಕು. ಕೋಲೆಟ್ಟನ್ನು ಚಕ್‌ನಲ್ಲಿಟ್ಟು ಮೇಲಿಂದ ನಟ್ ತಿರುಗಿಸಿದರೆ ಕೋಲೆಟ್ ಸೊಟ್ಟ ಕೂರುತ್ತದೆ, ಹಾಳಾಗುತ್ತದೆ, ಬಿಚ್ಚುವಾಗ ಒಳಗೇ ಸಿಕ್ಕಿಕೊಳ್ಳುತ್ತದೆ.

ವೈಸ್ ಬಗ್ಗೆ ಇಷ್ಟು ಹೇಳುತ್ತೀರಲ್ಲ, ಡ್ರಿಲ್ಲಿಂಗ್ ವೈಸ್ ಸಾಕಾಗಲ್ವಾ?

ಡ್ರಿಲ್ಲಿಂಗ್ ವೈಸ್‌ನಲ್ಲಿ ಚಲಿಸುವ ದವಡೆ ಬಿಗಿಯುವಾಗ ಮೇಲಕ್ಕೆ ಎದ್ದೇಳುತ್ತದೆ. ಅದರ ಜೊತೆ ಜಾಬ್‌ನ ಒಂದು ಬದಿಯೂ ಏಳುತ್ತದೆ. ನೀವು ಸಮತಟ್ಟು ಕಟ್ ಮಾಡಿದ್ದೀರಿ ಅಂದುಕೊಳ್ಳುತ್ತೀರಿ. ವೈಸ್ ಬಿಚ್ಚಿದ ಮೇಲೆ ಅಳೆದರೆ ಒಂದು ಬದಿ 0.2 ದಪ್ಪ, ಇನ್ನೊಂದು ಬದಿ ತೆಳು.

ಒಂದು ಪರೀಕ್ಷೆ ಮಾಡಿ ನೋಡಿ. ವೈಸ್‌ನಲ್ಲಿ ಎರಡು ಪ್ಯಾರಲಲ್ (ಒಂದೇ ಎತ್ತರದ ಸಪಾಟು ಪಟ್ಟಿ) ಇಟ್ಟು, ಮೇಲೆ ಜಾಬ್ ಇಟ್ಟು ಬಿಗಿಯಿರಿ. ಈಗ ಪ್ಯಾರಲಲ್‌ಗಳನ್ನು ಬೆರಳಲ್ಲಿ ಎಳೆದು ನೋಡಿ. ಎರಡೂ ಗಟ್ಟಿ ಇರಬೇಕು. ಚಲಿಸುವ ದವಡೆಯ ಬದಿಯದು ಸಲೀಸಾಗಿ ಹೊರಗೆ ಬಂದರೆ ಜಾಬ್ ಎದ್ದಿದೆ. ಮೆತ್ತಗಿನ ಸುತ್ತಿಗೆಯಿಂದ ಒಂದೇಟು ಹಾಕಿ ಮತ್ತೆ ನೋಡಿ. ಇನ್ನೂ ಸಡಿಲ ಇದ್ದರೆ ಚಲಿಸುವ ದವಡೆಗೂ ಜಾಬ್‌ಗೂ ನಡುವೆ ಒಂದು ದುಂಡನೆಯ ಹಿತ್ತಾಳೆ ಸರಳು ಅಡ್ಡ ಇಡಿ. ಆಗ ಒತ್ತಡ ಒಂದೇ ಗೆರೆಯಲ್ಲಿ ಬೀಳುತ್ತದೆ, ಜಾಬ್ ಸ್ಥಿರ ದವಡೆಗೆ ಚಪ್ಪಟೆಯಾಗಿ ಅಂಟುತ್ತದೆ. ಐದಾರು ಇಂಚಿನ ಹಿತ್ತಾಳೆ ಸರಳು ಮಾಡಿಕೊಡುವ ಈ ಉಪಕಾರ ದುಬಾರಿ ಸಾಮಾನಿನಿಂದಲೂ ಸಿಗುವುದಿಲ್ಲ.

ಸಣ್ಣ ಮೆಷಿನ್‌ಗೆ ನನ್ನ ಆಯ್ಕೆ ಟೂಲ್‌ಮೇಕರ್ ವೈಸ್. ಅದರ ಬೋಲ್ಟ್ ದವಡೆಯನ್ನು ಓರೆಯಾಗಿ ಕೆಳಕ್ಕೇ ಎಳೆಯುತ್ತದೆ, ಹಾಗಾಗಿ ಏಳುವುದು ಕಡಿಮೆ. ತಗ್ಗಾಗಿಯೂ ಇರುತ್ತದೆ. 6 ಇಂಚಿನ ದೊಡ್ಡ ವೈಸ್ ತಂದು ಸಣ್ಣ ಟೇಬಲ್ ಮೇಲೆ ಹೇರಬೇಡಿ. ಟೇಬಲ್ ಓಡುವ ಜಾಗವೂ ಹೋಗುತ್ತದೆ, ಹೆಡ್‌ನ ಕೆಳಗಿನ ಎತ್ತರವೂ ಹೋಗುತ್ತದೆ.

ಫೇಸ್ ಕಟ್ (ಜಾಬ್‌ನ ಮೇಲ್ಮೈ ಸಮ ಮಾಡುವ ಕಟ್) ಮಾಡಿದಾಗ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬೀಳುತ್ತದೆ. ಏಕೆ?

ಹೆಡ್ ಟೇಬಲ್‌ಗೆ ನೆಟ್ಟಗಿಲ್ಲ. ಇದನ್ನು ಸರಿಮಾಡುವುದಕ್ಕೆ ಟ್ರ್ಯಾಮ್ ಮಾಡುವುದು ಅನ್ನುತ್ತಾರೆ. ಒಂದು ಮಧ್ಯಾಹ್ನ ಬೇಕು, ಆದರೆ ಮೆಷಿನ್ ಅದರ ನಂತರ ಬೇರೆಯೇ ಆಗುತ್ತದೆ.

ಮೊದಲು ಹೆಡ್ ಹೊತ್ತ ಕಂಬ, ಅಂದರೆ ಕಾಲಂ, ನೋಡಿ. ಟೇಬಲ್ ಮೇಲೆ ಒಳ್ಳೆಯ ಮೂಲೆಮಟ್ಟ ನಿಲ್ಲಿಸಿ. ಹೆಡ್‌ಗೆ ಡಯಲ್ ಗೇಜ್ ಕಟ್ಟಿ, ಮುಳ್ಳನ್ನು ಮೂಲೆಮಟ್ಟಕ್ಕೆ ತಾಗಿಸಿ ಹೆಡ್ ಮೇಲೆ ಕೆಳಗೆ ಮಾಡಿ. ಮುಳ್ಳು ಓಡಿದರೆ ಕಾಲಂ ವಾಲಿದೆ. ಅದನ್ನು ಸರಿಮಾಡದೆ ಬರೀ ಹೆಡ್ ತಿರುಗಿಸಿದರೆ, ತೂತು ಕೊರೆಯುವಾಗ ಹೆಡ್ ಇಳಿದಂತೆಲ್ಲ ಜಾಗ ತಪ್ಪುತ್ತಾ ಹೋಗುತ್ತದೆ.

ಆಮೇಲೆ ಗೇಜನ್ನು ಸ್ಪಿಂಡಲ್‌ಗೆ ಕಟ್ಟಿ. 100 ಮಿ.ಮೀ. ದೂರಕ್ಕೆ ತೋಳು ಚಾಚಿ. ಕೈಯಲ್ಲಿ ಸ್ಪಿಂಡಲ್ ತಿರುಗಿಸಿ, ಟೇಬಲ್‌ನ ಎಡ, ಬಲ, ಹಿಂದೆ, ಮುಂದೆ ನಾಲ್ಕೂ ಕಡೆ ಓದಿಕೊಳ್ಳಿ. ಸ್ಲಾಟ್ ದಾಟುವಾಗ ಮುಳ್ಳು ಬೀಳದಂತೆ ಕೈಯಲ್ಲಿ ಎತ್ತಿ ದಾಟಿಸಿ. ಎಡ-ಬಲದ ವ್ಯತ್ಯಾಸವನ್ನು ಹೆಡ್ ತಿರುಗಿಸಿ ಸರಿಮಾಡಬಹುದು. ಹಿಂದೆ-ಮುಂದಿನದಕ್ಕೆ ಹೆಚ್ಚಿನ ಸಣ್ಣ ಮೆಷಿನ್‌ಗಳಲ್ಲಿ ಅಡ್ಜಸ್ಟ್‌ಮೆಂಟೇ ಇಲ್ಲ. ಶಿಮ್, ಅಂದರೆ ತೆಳು ತಗಡು, ಹಾಕಬೇಕು.

ಎಷ್ಟು ದಪ್ಪದ್ದು? ಒಂದು ಲೆಕ್ಕ ಹೇಳುತ್ತೇನೆ. 200 ಮಿ.ಮೀ. ಸುತ್ತಿನಲ್ಲಿ ಹಿಂದೆ-ಮುಂದಿನ ವ್ಯತ್ಯಾಸ 0.10 ಬಂತು ಎನ್ನಿ. ಕಾಲಂ ಬುಡದ ಬೋಲ್ಟ್‌ಗಳ ನಡುವೆ 120 ಮಿ.ಮೀ. ಇದೆ. 0.10ನ್ನು 120ರಿಂದ ಗುಣಿಸಿ 200ರಿಂದ ಭಾಗಿಸಿ: 0.06. ಅಷ್ಟು ದಪ್ಪದ ಶಿಮ್. ಯಾವ ಬದಿಗೆ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಗೇಜ್ ಎಲ್ಲಿ ಜಾಸ್ತಿ ಒತ್ತಿತೋ ಆ ಬದಿಗೇ. ಮುಂದೆ ಒತ್ತಿದರೆ ಕಾಲಂ ಬುಡದ ಮುಂದಿನ ಬೋಲ್ಟ್‌ಗಳ ಕೆಳಗೆ. ಬೋಲ್ಟ್ ಪೂರ್ತಿ ಬಿಗಿದ ಮೇಲೆ ಮತ್ತೆ ಓದಿ, ಬಿಗಿತದಲ್ಲೇ ಅಂಕಿ ಬದಲಾಗುತ್ತದೆ. 200 ಮಿ.ಮೀ.ಗೆ 0.02 ಒಳಗೆ ಬಂದರೆ ನಮ್ಮ ಕೆಲಸಕ್ಕೆ ಬೇಕಾದಷ್ಟಾಯಿತು.

ಮೆಷಿನ್ ಎಲ್ಲಿ ಇಡಲಿ?

ಮರದ ಮೇಜಿನ ಮೇಲೆ ಬೇಡ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಅಥವಾ ಕಾಂಕ್ರೀಟ್ ಕಟ್ಟೆ ಒಳ್ಳೆಯದು. ಮುರಕಲ್ಲಿನ ಕಟ್ಟೆ ಕಟ್ಟಿ ಮೇಲೆ ಕಾಂಕ್ರೀಟ್ ಹಾಸು ಹಾಕಿದವರಿದ್ದಾರೆ, ಅದೂ ಗಟ್ಟಿ. ಗೋಡೆಗೆ ತಾಗಿಸಬೇಡಿ. ನಮ್ಮ ಮುರಕಲ್ಲಿನ ಗೋಡೆ ಆಟಿ ತಿಂಗಳಲ್ಲಿ ನೀರು ಒಸರುತ್ತದೆ, ಅಲ್ವಾ? ಒಂದು ಅಡಿಯಾದರೂ ಜಾಗ ಬಿಡಿ. ಟೇಬಲ್ ಪೂರ್ತಿ ಎಡಕ್ಕೂ ಬಲಕ್ಕೂ ಓಡಬೇಕು, ಅದನ್ನೂ ಅಳೆದುಕೊಳ್ಳಿ.

ಮನೆಯಲ್ಲಿ ಸಿಂಗಲ್ ಫೇಸ್. ಮೆಷಿನ್‌ನಲ್ಲಿ ತ್ರೀ ಫೇಸ್ ಮೋಟಾರ್. ಏನು ಮಾಡಲಿ?

ವಿಎಫ್‌ಡಿ (ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ಮೋಟಾರ್ ಓಡಿಸುವ ಪೆಟ್ಟಿಗೆ) ಹಾಕಿ. ಈ ಮೆಷಿನ್‌ಗೆ ನೀವು ಮಾಡಬಹುದಾದ ಬದಲಾವಣೆಗಳಲ್ಲಿ ಅತಿ ಹೆಚ್ಚು ಖುಷಿ ಕೊಡುವುದು ಇದು. 230 ವೋಲ್ಟ್ ಸಿಂಗಲ್ ಫೇಸ್ ಒಳಗೆ ಹೋಗುತ್ತದೆ, 230 ವೋಲ್ಟ್ ತ್ರೀ ಫೇಸ್ ಹೊರಗೆ ಬರುತ್ತದೆ. ಸ್ಪೀಡನ್ನು ನಾಬ್ ತಿರುಗಿಸಿ ಬದಲಿಸಬಹುದು.

ಆದರೆ ಮೋಟಾರ್ ಕನೆಕ್ಷನ್ ಗಮನಿಸಬೇಕು. ನಮ್ಮಲ್ಲಿ ಸಿಗುವ ಸಣ್ಣ ತ್ರೀ ಫೇಸ್ ಮೋಟಾರ್‌ಗಳು ಸಾಮಾನ್ಯವಾಗಿ 415 ವೋಲ್ಟ್‌ಗೆ ಸ್ಟಾರ್ (ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಗಂಟಿಗೆ) ಕಟ್ಟಿರುತ್ತವೆ. ವಿಎಫ್‌ಡಿಯಿಂದ ಬರುವುದು 230. ಹಾಗೇ ಕೊಟ್ಟರೆ ಮೋಟಾರ್ ತಿರುಗುತ್ತದೆ, ಕಟ್ ಕೊಟ್ಟ ಕೂಡಲೇ ಸೋಲುತ್ತದೆ. ಟರ್ಮಿನಲ್ ಬಾಕ್ಸ್ ತೆರೆದು ನೋಡಿ. ಆರು ಟರ್ಮಿನಲ್ ಇದ್ದರೆ ಪಟ್ಟಿಗಳನ್ನು ಬದಲಿಸಿ ಡೆಲ್ಟಾ (ಸುರುಳಿಗಳನ್ನು ತುದಿಗೆ ತುದಿ ಜೋಡಿಸುವುದು) ಮಾಡಬಹುದು. ಬರೀ ಮೂರು ವೈರ್ ಹೊರಗಿದ್ದರೆ ಸ್ಟಾರ್ ಗಂಟು ಒಳಗೇ ಇದೆ. ನಮ್ಮ ಊರಲ್ಲಿ ತೋಟದ ಪಂಪ್ ರಿವೈಂಡಿಂಗ್ ಮಾಡುವವರು ಎಲ್ಲ ಪೇಟೆಯಲ್ಲೂ ಇದ್ದಾರೆ. ಅವರ ಹತ್ತಿರ ಕೊಟ್ಟರೆ ಗಂಟು ಬಿಚ್ಚಿ ಆರು ವೈರ್ ಹೊರಗೆ ತಂದುಕೊಡುತ್ತಾರೆ. ಡೆಲ್ಟಾ ಆದಾಗ ಕರೆಂಟ್ ಸುಮಾರು 1.73 ಪಟ್ಟು ಆಗುತ್ತದೆ. ಆ ಅಂಕಿಯನ್ನೇ ವಿಎಫ್‌ಡಿಯ ಸೆಟ್ಟಿಂಗ್‌ನಲ್ಲಿ ಹಾಕಿ.

ಈಗಿರುವುದು ಕೆಪ್ಯಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರ್ ಆದರೆ ವಿಎಫ್‌ಡಿ ಅದಕ್ಕಲ್ಲ. ಮೋಟಾರೇ ಬದಲಿಸಬೇಕು.

ವಿಎಫ್‌ಡಿ ಬಂತು ಎಂದು ಬೆಲ್ಟ್ ಪುಲ್ಲಿ ಬಿಸಾಡಬೇಡಿ. 50 ಹರ್ಟ್ಸ್‌ಗಿಂತ ಕೆಳಗೆ ಇಳಿದಂತೆ ಮೋಟಾರಿನ ಪವರ್ ಕಡಿಮೆಯಾಗುತ್ತದೆ, ಅದರ ಫ್ಯಾನೂ ನಿಧಾನ ತಿರುಗಿ ಬಿಸಿಯಾಗುತ್ತದೆ. ನಾನು 25ರಿಂದ 75 ಹರ್ಟ್ಸ್ ನಡುವೆ ಇಟ್ಟುಕೊಳ್ಳುತ್ತೇನೆ, ಉಳಿದದ್ದು ಬೆಲ್ಟ್ ಬದಲಿಸಿ.

ವಿಎಫ್‌ಡಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಗಾಳಿಕಂಡಿಗೆ ಸಣ್ಣ ಬಲೆ ಹಾಕಿ. ಲೋಹದ ಚಿಪ್ಸ್ ಒಂದು ಕಡೆ, ನಮ್ಮೂರಿನ ಹಲ್ಲಿ ಮತ್ತು ಇರುವೆ ಇನ್ನೊಂದು ಕಡೆ. ಬೋರ್ಡ್ ಮೇಲೆ ಇವು ಯಾವುದೂ ಹೋಗಬಾರದು. ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಹತ್ತು ನಿಮಿಷ ಬಿಟ್ಟು ಮುಟ್ಟಿ.

ತೋಟದ ಪಂಪಿಗೆ ತ್ರೀ ಫೇಸ್ ಇದೆ. ಅಲ್ಲಿಂದ ವೈರ್ ಎಳೆಯಬಹುದಾ?

ಬೇಡ. ಅದು ಕೃಷಿಗೆ ಕೊಟ್ಟ ಕನೆಕ್ಷನ್, ದರವೇ ಬೇರೆ. ವರ್ಕ್‌ಶಾಪ್‌ಗೆ ಬಳಸುವುದು ನಿಯಮಕ್ಕೆ ವಿರುದ್ಧ. ತ್ರೀ ಫೇಸ್ ಬೇಕೇ ಬೇಕು ಎಂದರೆ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಿ.

ಕರೆಂಟ್ ಹೋಗಿ ಬಂದಾಗ ಮೆಷಿನ್ ತಾನೇ ಚಾಲೂ ಆಗುತ್ತದೆ. ಪರವಾಗಿಲ್ವಾ?

ಇದನ್ನು ಇವತ್ತೇ ಸರಿಮಾಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದಕ್ಕೆ ಒಂದು ತೆಂಗಿನ ಗರಿ ಸಾಕು. ಕರೆಂಟ್ ಹೋದಾಗ ನೀವು ಕಟ್ಟರ್ ಬದಲಿಸೋಣ ಅಂತ ಡ್ರಾಬಾರ್‌ಗೆ ಸ್ಪ್ಯಾನರ್ ಹಾಕಿರುತ್ತೀರಿ. ಅಷ್ಟರಲ್ಲಿ ಕರೆಂಟ್ ಬರುತ್ತದೆ. ಮುಂದೇನು ಎಂದು ಹೇಳಬೇಕಾಗಿಲ್ಲ.

ತೋಟದ ಪಂಪ್ ಶೆಡ್ಡಿನ ಹಸಿರು-ಕೆಂಪು ಬಟನ್‌ನ ಸ್ಟಾರ್ಟರ್ ಎಲ್ಲರಿಗೂ ಗೊತ್ತು. ಅದರೊಳಗಿನ ಕಾಯಿಲ್ ಕರೆಂಟ್ ಹೋದ ಕೂಡಲೇ ಬಿಟ್ಟುಬಿಡುತ್ತದೆ, ಮತ್ತೆ ಹಸಿರು ಒತ್ತುವವರೆಗೆ ಹಿಡಿಯುವುದಿಲ್ಲ. ಮೆಷಿನ್‌ಗೂ ಅಂಥದ್ದೇ ಒಂದು ಹಾಕಿ. ಸಿಂಗಲ್ ಫೇಸ್‌ನದೂ ಸಿಗುತ್ತದೆ. ವಿಎಫ್‌ಡಿ ಇದ್ದರೆ ಸ್ಟಾರ್ಟರನ್ನು ಅದರ ಹಿಂದೆ, ಸಪ್ಲೈ ಬದಿಗೆ ಹಾಕಬೇಕು. ವಿಎಫ್‌ಡಿಗೂ ಮೋಟಾರಿಗೂ ನಡುವೆ ಸ್ವಿಚ್ ಇಡಬೇಡಿ, ಓಡುವಾಗ ಅದು ಕಟ್ ಆದರೆ ವಿಎಫ್‌ಡಿ ಸುಡಬಹುದು. ಸೆಟ್ಟಿಂಗ್‌ನಲ್ಲಿ ಆಟೋ ರೀಸ್ಟಾರ್ಟ್ ಆಫ್ ಇದೆಯಾ ನೋಡಿ. ಕೆಂಪು ಅಣಬೆ ಬಟನ್ ಎಡಗೈಗೆ ನೋಡದೆ ಸಿಗುವಂತಿರಲಿ.

ಅರ್ಥಿಂಗ್ ಬಗ್ಗೆ ಒಂದು ಮಾತು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಡಿಸೆಂಬರ್‌ನಿಂದ ಮೇ ವರೆಗೆ ಅರ್ಥ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ. ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ.

ತುಕ್ಕು! ಪ್ರತಿ ಮಳೆಗಾಲವೂ ಇದೇ ಗೋಳು. ಏನು ಹಚ್ಚಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣ ಹೇಗೆ ಒಣಗಿರುತ್ತದೆ? ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪು ಗಾಳಿಯೂ ಸೇರುತ್ತದೆ. ಬೆವರು ಕೈಯಲ್ಲಿ ಟೇಬಲ್ ಮುಟ್ಟಿ ಮಲಗಿದರೆ ಬೆಳಗ್ಗೆ ಐದು ಬೆರಳಿನ ಗುರುತೂ ಕೆಂಪಾಗಿ ಮೂಡಿರುತ್ತದೆ. ಗೆರೆಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ.

ಮೊದಲ ಮಳೆಗಾಲದಲ್ಲಿ ನಾನು ಮೆಷಿನ್‌ಗೆ ದಪ್ಪ ಪ್ಲಾಸ್ಟಿಕ್ ಹೊದೆಸಿ ಬುಡಕ್ಕೆ ಹಗ್ಗ ಕಟ್ಟಿದೆ. ನೀರು ತಾಗಬಾರದು ಎಂಬ ಆಲೋಚನೆ. ಎಂಟು ದಿನದ ಮೇಲೆ ಬಿಚ್ಚಿದರೆ ಪ್ಲಾಸ್ಟಿಕ್‌ನ ಒಳಮೈಯಲ್ಲಿ ಹನಿಗಳು ತೂಗುತ್ತಿದ್ದವು. ಟೇಬಲ್ ಮೇಲೆ ಹನಿ ಬಿದ್ದಲ್ಲೆಲ್ಲ ಕಿತ್ತಳೆ ಬಣ್ಣದ ಚುಕ್ಕಿ. ಪ್ಲಾಸ್ಟಿಕ್ ತೇವವನ್ನು ಹೊರಗಿಡಲಿಲ್ಲ, ಒಳಗೆ ಹಿಡಿದಿಟ್ಟಿತು. ಗೋಣಿಯೂ ಬೇಡ, ಅದು ನೀರು ಕುಡಿದು ಟೇಬಲ್‌ಗೇ ಒತ್ತಿಕೊಂಡಿರುತ್ತದೆ.

ಈಗ ಮಾಡುವುದು ಹೀಗೆ. ಕೆಲಸ ಮುಗಿದ ಮೇಲೆ ಚಿಪ್ಸ್ ಗುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, 68 ನಂಬರಿನ ಸ್ಲೈಡ್‌ವೇ ಆಯಿಲ್ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಸವರುತ್ತೇನೆ. ಹೊಳೆಯುವ ಭಾಗ ಒಂದೂ ಬಿಡಬಾರದು. ಹತ್ತಿ ಬಟ್ಟೆಯ ಸಡಿಲ ಹೊದಿಕೆ ಹಾಕಿ, ಅದರ ಕೆಳಗೆ, ಬಟ್ಟೆಗೂ ಎಣ್ಣೆಗೂ ತಾಗದಂತೆ ತಂತಿ ಗೂಡಿನೊಳಗೆ, ಒಂದು 40 ವ್ಯಾಟ್‌ನ ಹಳೇ ಮಾದರಿ ಬಲ್ಬ್. ಎಲ್‌ಇಡಿ ಅಲ್ಲ, ಬಿಸಿ ಕೊಡುವ ಬಲ್ಬ್. ಸುತ್ತಲಿನ ಗಾಳಿಗಿಂತ ಕಬ್ಬಿಣ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಅದರ ಮೇಲೆ ತೇವ ಕೂರುವುದಿಲ್ಲ. ಆ ವರ್ಷದ ನಂತರ ತುಕ್ಕಿನ ಚುಕ್ಕಿ ಕಂಡಿಲ್ಲ.

ಹದಿನೈದು ದಿನಕ್ಕೊಮ್ಮೆ ವೈಸ್ ಎತ್ತಿ ಅದರ ಅಡಿಯನ್ನು ನೋಡಿ. ಎರಡು ಚಪ್ಪಟೆ ಮೈಗಳ ನಡುವೆ ಹೋದ ನೀರು ಹೊರಗೆ ಬರುವುದಿಲ್ಲ. ಮಳೆಗಾಲದಲ್ಲಿ ನೀರು ಬೆರೆಸುವ ಕೂಲೆಂಟ್ ನಿಲ್ಲಿಸಿ, ಕಟಿಂಗ್ ಆಯಿಲನ್ನೇ ಬ್ರಷ್‌ನಲ್ಲಿ ಹಚ್ಚಿ. ಹಳೆಯ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಹುಳಿ ಅಂಶ ಸೇರಿರುತ್ತದೆ, ಸಣ್ಣ ಕಬ್ಬಿಣದ ಪುಡಿಯೂ ಇರುತ್ತದೆ.

ತೆಂಗಿನೆಣ್ಣೆ ಹಚ್ಚಬಹುದಾ? ಮನೆಯಲ್ಲೇ ಇದೆ.

ತುಕ್ಕಿಗೆ ಬೇಡ. ಹಳೆಯದಾದಂತೆ ಅಂಟಾಗುತ್ತದೆ, ಹಿತ್ತಾಳೆ ನಟ್ ಮೇಲೆ ಹಸಿರು ಬರುತ್ತದೆ. ಚಳಿಯಲ್ಲಿ ಗಟ್ಟಿಯಾಗಿ ಎಣ್ಣೆ ದಾರಿ ಕಟ್ಟುತ್ತದೆ. ಆದರೆ ಕೈಯಲ್ಲಿ ಟ್ಯಾಪ್ ಹಾಕುವಾಗ (ತೂತಿನೊಳಗೆ ನೂಲು ಕಡಿಯುವಾಗ) ಒಂದೆರಡು ಹನಿ ಬಿಟ್ಟು ನೋಡಿ, ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲಸ ಆದ ಮೇಲೆ ಒರೆಸಿಬಿಡಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೆಯದು.

ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತು ಟೇಬಲ್ ಓಡುವುದೇ ಇಲ್ಲ. ಡಿಜಿಟಲ್ ರೀಡ್‌ಔಟ್ ಹಾಕಿದರೆ ಸರಿಹೋಗುತ್ತದಾ?

ಅದು ಬ್ಯಾಕ್‌ಲ್ಯಾಶ್. ರೀಡ್‌ಔಟ್ ಟೇಬಲ್ ಎಲ್ಲಿದೆ ಎಂದು ನಿಜ ಹೇಳುತ್ತದೆ, ಹಾಗಾಗಿ ಅಳತೆಯ ತಪ್ಪು ಹೋಗುತ್ತದೆ. ಆದರೆ ಸ್ಕ್ರೂ ಮತ್ತು ನಟ್ ನಡುವಿನ ಸಡಿಲು ಹಾಗೇ ಇರುತ್ತದೆ. ಕಟ್ಟರ್ ತಿರುಗುವ ದಿಕ್ಕಿಗೇ ಜಾಬ್ ತಳ್ಳಿದರೆ, ಅಂದರೆ ಡೌನ್ ಮಿಲ್ಲಿಂಗ್ ಮಾಡಿದರೆ, ಕಟ್ಟರ್ ಟೇಬಲನ್ನು ಆ ಸಡಿಲಿನಷ್ಟು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಲ್ಲು ಮುರಿಯುವುದು ಆಗಲೇ. ಸಣ್ಣ ಮೆಷಿನ್‌ನಲ್ಲಿ ಯಾವಾಗಲೂ ಕಟ್ಟರ್‌ಗೆ ಎದುರಾಗಿ ತಳ್ಳಿ. ಕೊನೆಯ ಒಂದು ತೆಳು ಕಟ್‌ಗೆ ಮಾತ್ರ, ಟೇಬಲ್ ಲಾಕ್ ಅರ್ಧ ಬಿಗಿದು, ಡೌನ್ ಮಾಡಬಹುದು.

ನಟ್‌ನಲ್ಲಿ ಸೀಳು ಮತ್ತು ಸ್ಕ್ರೂ ಇದ್ದರೆ ಬಿಗಿದು ಸಡಿಲು ತಗ್ಗಿಸಿ. ಸೊನ್ನೆ ಮಾಡಲು ಹೋಗಬೇಡಿ, ಟೇಬಲ್ ತುದಿಗಳಲ್ಲಿ ಬಿಗಿಯಾಗುತ್ತದೆ. 0.1 ಆಸುಪಾಸು ಇದ್ದರೆ ಸಾಕು.

ಹಾಗಂತ ರೀಡ್‌ಔಟ್ ಬೇಡ ಎನ್ನುತ್ತಿಲ್ಲ. ಮೊದಲ ನಾಲ್ಕು ಸಾಮಾನಿನ ನಂತರ ನಾನು ಕೊಳ್ಳುವುದು ಅದನ್ನೇ. 5 ಮೈಕ್ರಾನ್‌ನ ಗ್ಲಾಸ್ ಸ್ಕೇಲ್ ಸಾಕು. ರಬ್ಬರ್ ತುಟಿ ಇರುವ ಬದಿ ಕೆಳಗೆ ಮಾಡಿ ಕೂರಿಸಿ, ಇಲ್ಲದಿದ್ದರೆ ಎಣ್ಣೆ, ಚಿಪ್ಸ್ ಒಳಗಿಳಿಯುತ್ತವೆ. ಟೇಬಲ್ ಓಟಕ್ಕೆ ಸ್ಕೇಲ್ ಸಮನಾಗಿದೆಯಾ ಎಂದು ಡಯಲ್ ಗೇಜ್‌ನಲ್ಲೇ ನೋಡಿ.

ನನ್ನದು ದುಂಡು ಕಾಲಂ. ಹೆಡ್ ಎತ್ತಿದರೆ ಜಾಗ ತಪ್ಪುತ್ತದೆ.

ತಪ್ಪುತ್ತದೆ, ಅದು ಆ ಮಾದರಿಯ ಸ್ವಭಾವ. ಹೆಡ್ ಎತ್ತದೆ ಕೆಲಸ ಮುಗಿಸುವಂತೆ ಯೋಚಿಸುವುದೇ ಒಳ್ಳೆಯ ದಾರಿ. ಅತಿ ಉದ್ದದ ಡ್ರಿಲ್‌ಗೆ ಜಾಗ ಬಿಟ್ಟು ಹೆಡ್ ನಿಲ್ಲಿಸಿ, ಸಣ್ಣ ಕಟ್ಟರ್‌ಗಳಿಗೆ ಕ್ವಿಲ್ (ಸ್ಪಿಂಡಲ್ ಸಮೇತ ಮೇಲೆ ಕೆಳಗೆ ಓಡುವ ಕೊಳವೆ) ಇಳಿಸಿ. ಕ್ವಿಲ್ ಜಾಸ್ತಿ ಇಳಿದಿದ್ದರೆ ತೆಳು ಕಟ್ ಕೊಡಿ. ಎತ್ತಲೇಬೇಕಾದರೆ ಎಡ್ಜ್ ಫೈಂಡರ್‌ನಿಂದ ಅಂಚನ್ನು ಮತ್ತೆ ಹಿಡಿಯಿರಿ. 10 ಮಿ.ಮೀ. ತುದಿಯದಾದರೆ ತಾಗಿದ ಮೇಲೆ 5 ಮಿ.ಮೀ. ಒಳಗೆ ಬಂದರೆ ಅಂಚು ಸ್ಪಿಂಡಲ್‌ನ ನಡುವಿಗೆ ಸರಿಯಾಗಿರುತ್ತದೆ.

ಕಾರಿನ ವೈಪರ್ ಮೋಟಾರ್‌ನಿಂದ ಪವರ್ ಫೀಡ್ ಮಾಡಬಹುದು ಎನ್ನುತ್ತಾರೆ. ನಿಜವಾ?

ನಿಜ. ನನ್ನ ಮೆಷಿನ್‌ನಲ್ಲಿರುವುದು ಅದೇ, ಗುಜರಿ ಅಂಗಡಿಯಿಂದ ತಂದದ್ದು. ಕೈಯಲ್ಲಿ ಹ್ಯಾಂಡಲ್ ತಿರುಗಿಸಿದರೆ ಕೈ ನಿಂತಲ್ಲೆಲ್ಲ ಜಾಬ್ ಮೇಲೆ ಗುರುತು ಬೀಳುತ್ತದೆ. ಮೋಟಾರ್ ಒಂದೇ ಸಮ ಎಳೆಯುವುದರಿಂದ ಮೈ ಕನ್ನಡಿಯ ಹಾಗೆ ಬರುತ್ತದೆ.

ಸ್ಪೀಡ್ ಹೊಂದುತ್ತದಾ ಎಂದು ಲೆಕ್ಕ ಹಾಕೋಣ. ವೈಪರ್ ಮೋಟಾರ್ ನಿಧಾನ ಸ್ಪೀಡಿನಲ್ಲಿ ನಿಮಿಷಕ್ಕೆ ಸುಮಾರು 45 ಸುತ್ತು ತಿರುಗುತ್ತದೆ. ಟೇಬಲ್ ಸ್ಕ್ರೂ 3 ಮಿ.ಮೀ. ಪಿಚ್ ಆದರೆ ನಿಮಿಷಕ್ಕೆ 135 ಮಿ.ಮೀ. ಇನ್ನು ಕಟ್ಟರ್ ಬದಿ. 10 ಮಿ.ಮೀ. ನಾಲ್ಕು ಹಲ್ಲಿನ ಹೆಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್, ಎಂಎಸ್ (ಮೈಲ್ಡ್ ಸ್ಟೀಲ್) ಜಾಬ್, ನಿಮಿಷಕ್ಕೆ 800 ಸುತ್ತು, ಹಲ್ಲಿಗೆ 0.04 ಮಿ.ಮೀ. ಗುಣಿಸಿದರೆ 128. ಎರಡೂ ಹತ್ತಿರ ಹತ್ತಿರ. ಮೋಟಾರನ್ನು ನೇರ ಜೋಡಿಸಿ, ಪಿಡಬ್ಲ್ಯೂಎಂ ಸ್ಪೀಡ್ ಕಂಟ್ರೋಲರ್‌ನಿಂದ ಸ್ವಲ್ಪ ತಗ್ಗಿಸಿದರೆ ಆಯಿತು.

ಇಲ್ಲಿ ಒಂದು ಅಪಾಯ ಇದೆ. ಎಷ್ಟೋ ವೈಪರ್ ಮೋಟಾರ್‌ಗಳಲ್ಲಿ ಮೋಟಾರಿನ ಮೈಯೇ ನೆಗೆಟಿವ್. ಕಾರಿನಲ್ಲಿ ಅದು ಸರಿ. ಇಲ್ಲಿ ದಿಕ್ಕು ಬದಲಿಸಲು ಪ್ಲಸ್ ಮೈನಸ್ ಅದಲುಬದಲು ಮಾಡಿದಾಗ ಮೈಗೆ ಪ್ಲಸ್ ಬರುತ್ತದೆ. ಕಂಪ್ಯೂಟರಿನ ಹಳೆಯ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಬಳಸಿದರೆ ಅದರ ಮೈನಸ್ ಅರ್ಥ್‌ಗೆ ಸೇರಿರುತ್ತದೆ, ಮೆಷಿನ್ ಕೂಡ ಅರ್ಥ್ ಆಗಿದೆ. ಅಲ್ಲಿಗೆ ಶಾರ್ಟ್. ಮೋಟಾರ್ ಬಿಚ್ಚಿ ಆ ಬ್ರಷ್‌ನ ವೈರನ್ನು ಮೈಯಿಂದ ಬಿಡಿಸಿ ಬೇರೆ ಹೊರಗೆ ತನ್ನಿ. ಆಗದಿದ್ದರೆ ಮೋಟಾರ್ ಕೂರುವ ಪ್ಲೇಟ್ ಫೈಬರ್‌ದು ಮಾಡಿ, ಬೋಲ್ಟ್‌ಗೂ ಕಪ್ಲಿಂಗ್‌ಗೂ ಇನ್ಸುಲೇಷನ್ ಕೊಡಿ.

ಎರಡೂ ತುದಿಗೆ ಲಿಮಿಟ್ ಸ್ವಿಚ್ ಬೇಕೇ ಬೇಕು. ಪ್ರತಿ ಸ್ವಿಚ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದರೆ, ತುದಿಯಲ್ಲಿ ನಿಂತ ಮೇಲೆ ಹಿಂದಕ್ಕೆ ಓಡಿಸಲು ದಾರಿ ಇರುತ್ತದೆ. ಕೈಯಲ್ಲಿ ತಿರುಗಿಸಬೇಕಾದಾಗ ಬಿಡಿಸಲು ಒಂದು ಕ್ಲಚ್ ಕೂಡ ಮಾಡಿ. ವರ್ಮ್ ಗೇರ್ ಇರುವುದರಿಂದ ಮೋಟಾರ್ ಜೋಡಿಸಿಯೇ ಇದ್ದರೆ ಹ್ಯಾಂಡಲ್ ಅಲುಗಾಡುವುದಿಲ್ಲ.

ಮೆಷಿನ್ ಹೆಡ್‌ನ ಒಳಗಿನ ಪ್ಲಾಸ್ಟಿಕ್ ಗೇರ್ ಮುರಿಯಿತು. ಕಬ್ಬಿಣದ್ದು ಹಾಕಲಾ?

ಕಬ್ಬಿಣದ್ದು ಹಾಕಿದರೆ ಸದ್ದು ಜಾಸ್ತಿ, ಮುಂದಿನ ಸಲ ಸಿಕ್ಕಿಕೊಂಡಾಗ ಬೇರೆ ಏನೋ ಮುರಿಯುತ್ತದೆ. ಬೆಲ್ಟ್ ಡ್ರೈವ್‌ಗೆ ಬದಲಿಸಿ. ಲೇತ್ ಇದ್ದರೆ ಎರಡು ಪುಲ್ಲಿ ಕಡೆಯಲು ಒಂದು ದಿನ ಸಾಕು. ಸಿಕ್ಕಿಕೊಂಡಾಗ ಬೆಲ್ಟ್ ಜಾರುತ್ತದೆ, ಅದು ನಮಗೆ ಒಳ್ಳೆಯದೇ.

ಸ್ಪಿಂಡಲ್ ಬೇರಿಂಗ್ ಬದಲಿಸಿದರೆ ಫಿನಿಶ್ ಚೆನ್ನಾಗಿ ಬರುತ್ತದಾ?

ಬರುತ್ತದೆ, ಸಾಮಾನ್ಯ ಬಾಲ್ ಬೇರಿಂಗ್ ಇದ್ದರೆ. ಉದಾಹರಣೆಗೆ 6206 ಮತ್ತು 7206 ಎರಡರ ಅಳತೆಯೂ ಒಂದೇ: 30, 62, 16 ಮಿ.ಮೀ. ಎರಡನೆಯದು ಆಂಗುಲರ್ ಕಾಂಟ್ಯಾಕ್ಟ್, ಎರಡನ್ನು ಎದುರುಬದುರು ಹಾಕಿ ಸ್ವಲ್ಪ ಒತ್ತಡ ಕೊಟ್ಟರೆ ಅಲುಗಾಟ ಹೋಗುತ್ತದೆ. ಟೇಪರ್ ರೋಲರ್ 30206 ಹಾಕುವುದಾದರೆ ಅದರ ಅಗಲ 17.25, ಜಾಗ ಇದೆಯಾ ನೋಡಿ. ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ನಡೆಯುತ್ತದೆ. ನಂಬರ್ ಮಾತ್ರ ಸರಿಯಾಗಿ ಹೇಳಬೇಕು.

ಸ್ಪೀಡ್ ಎಷ್ಟು ಇಡಲಿ?

ಕಟಿಂಗ್ ಸ್ಪೀಡನ್ನು (ನಿಮಿಷಕ್ಕೆ ಇಷ್ಟು ಮೀಟರ್ ಎಂದು) 318ರಿಂದ ಗುಣಿಸಿ ಕಟ್ಟರ್ ಡಯಾದಿಂದ (ಮಿ.ಮೀ.ನಲ್ಲಿ) ಭಾಗಿಸಿ, ನಿಮಿಷಕ್ಕೆ ಎಷ್ಟು ಸುತ್ತು ಎಂದು ಸಿಗುತ್ತದೆ. ಹೆಚ್‌ಎಸ್‌ಎಸ್‌ನಲ್ಲಿ ಎಂಎಸ್‌ಗೆ 25, ಅಲ್ಯೂಮಿನಿಯಂಗೆ 90 ಇಟ್ಟುಕೊಳ್ಳಿ. 10 ಮಿ.ಮೀ. ಕಟ್ಟರ್‌ಗೆ ಎಂಎಸ್‌ನಲ್ಲಿ ಸುಮಾರು 800. ಹೆಚ್‌ಎಸ್‌ಎಸ್‌ನಿಂದ ಬರುವ ಚಿಪ್ಸ್ ನೀಲಿಯಾದರೆ ಸ್ಪೀಡ್ ಜಾಸ್ತಿ, ತಗ್ಗಿಸಿ.

ರೋಟರಿ ಟೇಬಲ್ ಬೇಕಾ, ಡಿವೈಡಿಂಗ್ ಹೆಡ್ (ಸುತ್ತನ್ನು ಸಮ ಭಾಗ ಮಾಡುವ ಸಾಧನ) ಬೇಕಾ?

ಚಕ್ರದ ಹಲ್ಲು ಕಡಿಯುವ ಕೆಲಸ ಬಂದ ಮೇಲೆ ಕೊಳ್ಳಿ. ಅಡ್ಡ-ನೆಟ್ಟಗೆ ಎರಡೂ ರೀತಿ ಕೂರುವ 4 ಅಥವಾ 6 ಇಂಚಿನ ರೋಟರಿ ಟೇಬಲ್, ಇಂಡೆಕ್ಸ್ ಪ್ಲೇಟ್ ಸಮೇತ ತಂದರೆ ಎರಡೂ ಕೆಲಸ ಆಗುತ್ತದೆ. ನಾನು ತಂದದ್ದು ಅಡಿಕೆ ಸುಲಿಯುವ ಯಂತ್ರಕ್ಕೆ 16 ಹಲ್ಲಿನ ಚಕ್ರ ಬೇಕಾದಾಗ. ಟೇಬಲ್ 90ಕ್ಕೆ 1ರದ್ದು, ಅಂದರೆ ಹ್ಯಾಂಡಲ್ 90 ಸುತ್ತಿದರೆ ಟೇಬಲ್ ಒಂದು ಸುತ್ತು. 90ನ್ನು 16ರಿಂದ ಭಾಗಿಸಿದರೆ 5 ಪೂರ್ತಿ ಸುತ್ತು, ಮೇಲೆ 16ರಲ್ಲಿ 10 ಭಾಗ. 16 ತೂತಿನ ಸಾಲಿನಲ್ಲಿ 10 ತೂತು ದಾಟಬೇಕು. ಎಣಿಸುವಾಗ ಪಿನ್ ಈಗಿರುವ ತೂತನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದು ಸುತ್ತು ಮುಗಿಸಿ ಮೊದಲಿನ ಹಲ್ಲಿಗೇ ಬಂದು ನಿಂತರೆ ಲೆಕ್ಕ ಸರಿ. ಒಳ್ಳೆಯ ತುಂಡು ಹಾಕುವ ಮೊದಲು ಬರೀ ಪೆನ್ಸಿಲ್ ಗುರುತು ಹಾಕಿ ಒಂದು ಸುತ್ತು ಬನ್ನಿ.

ಹೊಸ ರೋಟರಿ ಟೇಬಲ್ ಬಂದ ಕೂಡಲೇ ಪೂರ್ತಿ ಬಿಚ್ಚಿ ತೊಳೆಯಿರಿ. ನನಗೆ ಬಂದದ್ದರ ಗ್ರೀಸ್‌ನಲ್ಲಿ ಎರಕದ ಮರಳು ಇತ್ತು. ಬೆರಳಲ್ಲಿ ತಿಕ್ಕಿದರೆ ಕರಕರ ಎನ್ನುತ್ತಿತ್ತು.

ಸಿಎನ್‌ಸಿ (ಕಂಪ್ಯೂಟರ್ ಓಡಿಸುವ ಮೆಷಿನ್) ಮಾಡಿಬಿಡಲಾ?

ಒಂದು ವರ್ಷ ಕೈಯಲ್ಲಿ ಓಡಿಸಿ, ಆಮೇಲೆ. ಎಷ್ಟು ಕಟ್ ಕೊಟ್ಟರೆ ಮೆಷಿನ್ ನರಳುತ್ತದೆ ಎಂದು ಕಿವಿಗೆ ಗೊತ್ತಾಗಿರಬೇಕು. ಸ್ಟೆಪ್ಪರ್‌ಗೆ, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್‌ಗೆ, ಕಿವಿಯಿಲ್ಲ. ಮಾಡುವಾಗ 1605 ಬಾಲ್ ಸ್ಕ್ರೂ ಹಾಕಿದರೆ ಪಿಚ್ 5 ಮಿ.ಮೀ. ಸ್ಟೆಪ್ಪರ್ ಸುತ್ತಿಗೆ 200 ಹೆಜ್ಜೆ, ಡ್ರೈವರ್‌ನಲ್ಲಿ 8 ಭಾಗ, ಅಂದರೆ ಮಿ.ಮೀ.ಗೆ 320. ಬಾಲ್ ಸ್ಕ್ರೂ ತಾನಾಗಿ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಹೆಡ್ ಸರಕ್ಕನೆ ಕೆಳಗಿಳಿಯುತ್ತದೆ. ಬ್ರೇಕ್ ಇರುವ ಮೋಟಾರ್ ಅಥವಾ ತೂಕ ಹೊರುವ ಗ್ಯಾಸ್ ಸ್ಪ್ರಿಂಗ್ ಹಾಕಿಯೇ ಶುರುಮಾಡಿ.

ಮನೆಯಲ್ಲೇ ತಾನೇ, ಲುಂಗಿ ಉಟ್ಟುಕೊಂಡು ಕೆಲಸ ಮಾಡಿದರೆ?

ಬೇಡವೇ ಬೇಡ. ಲುಂಗಿ, ಮುಂಡು, ಹೆಗಲ ಮೇಲಿನ ಬೈರಾಸು, ಕೈಗವಸು, ಉಂಗುರ ಯಾವುದೂ ತಿರುಗುವ ಸ್ಪಿಂಡಲ್ ಹತ್ತಿರ ಬರಬಾರದು. ಬೈರಾಸಿನ ಒಂದು ದಾರ ಸಿಕ್ಕರೆ ಸಾಕು, ಇಡೀ ಬೈರಾಸು ಕುತ್ತಿಗೆ ಸಮೇತ ಹೋಗುತ್ತದೆ. ಪ್ಯಾಂಟು, ತುಂಬು ಶೂ, ಕನ್ನಡಕ. ಚಿಪ್ಸನ್ನು ಕೈಯಲ್ಲಿ ಎಳೆಯಬೇಡಿ, ಬ್ರಷ್ ಬಳಸಿ. ಡ್ರಾಬಾರ್ ಸ್ಪ್ಯಾನರ್ ಒಂದೋ ಕೈಯಲ್ಲಿರಬೇಕು, ಇಲ್ಲವೋ ಗೋಡೆಯ ಮೊಳೆಯಲ್ಲಿರಬೇಕು.

ಸೆಕೆಂಡ್ ಹ್ಯಾಂಡ್ ಮೆಷಿನ್ ಮಂಗಳೂರಿನ ಬೈಕಂಪಾಡಿಯಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಸಿಕ್ಕಿದರೆ ತರಬಹುದಾ?

ತರಬಹುದು. ಟೇಬಲನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನ ಓಡಿಸಿ. ನಡುವೆ ಸಡಿಲ, ತುದಿಯಲ್ಲಿ ಬಿಗಿ ಎಂದಾದರೆ ನಡುಭಾಗ ಸವೆದಿದೆ. ಜಿಬ್ (ಟೇಬಲ್‌ನ ಸಡಿಲು ತಗ್ಗಿಸುವ ಪಟ್ಟಿ) ಬಿಗಿದು ಅದನ್ನು ಸರಿಮಾಡಲು ಆಗುವುದಿಲ್ಲ. ಸ್ಪಿಂಡಲ್‌ಗೆ ಡಯಲ್ ಗೇಜ್ ತಾಗಿಸಿ ಪಕ್ಕಕ್ಕೆ ಎಳೆದು ನೋಡಿ. ಗೇಜನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ತಲಪಾಡಿ ಗಡಿ ದಾಟಿ ಕೇರಳಕ್ಕೆ ಬರುವುದರಿಂದ ಜಿಎಸ್‌ಟಿ ಬಿಲ್ ಮಾಡಿಸಿ. ಬೆಲೆ 50,000 ದಾಟಿದರೆ ಇ-ವೇ ಬಿಲ್ ಕೂಡ ಮಾರುವವರ ಹತ್ತಿರವೇ ಮಾಡಿಸಿಕೊಳ್ಳಿ. ಹೇರುವಾಗ ಟೇಬಲ್‌ಗೋ ಹ್ಯಾಂಡಲ್‌ಗೋ ಹಗ್ಗ ಹಾಕಿ ಎತ್ತಲು ಬಿಡಬೇಡಿ.

ಅಡಿಕೆ ಕೊಯ್ಲಿನ ಸಮಯ ಒಂದೆರಡು ತಿಂಗಳು ಮೆಷಿನ್ ಹತ್ತಿರ ಹೋಗುವುದೇ ಇಲ್ಲ. ಹೇಗೆ ಬಿಡಲಿ?

ವೈಸ್ ತೆಗೆದು ಬೇರೆ ಇಡಿ. ಟೇಬಲ್ ನಡುವಿಗೆ ತನ್ನಿ. ಹೊಳೆಯುವ ಭಾಗಕ್ಕೆಲ್ಲ ದಪ್ಪಗೆ ಎಣ್ಣೆ, ಅದರ ಮೇಲೆ ಎಣ್ಣೆ ಕಾಗದ. ಸ್ಪಿಂಡಲ್ ಟೇಪರ್‌ನೊಳಗೂ ಬೆರಳು ಹಾಕಿ ಎಣ್ಣೆ ಸವರಿ, ಅದನ್ನು ಎಲ್ಲರೂ ಮರೆಯುತ್ತಾರೆ. ಕಟ್ಟರ್, ಕೋಲೆಟ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಬೆಲ್ಟ್ ಸಡಿಲ ಮಾಡಿ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಸ್ಪಿಂಡಲ್ಲನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಬೇರಿಂಗ್‌ಗೆ ಒಳ್ಳೆಯದು. ಹಿಂಗಾರು ಮಳೆ ಇನ್ನೂ ಹಿಡಿದಿದ್ದರೆ ಬಲ್ಬ್ ಹೊತ್ತಿಸಿಯೇ ಬಿಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯ ಕಿಟಕಿಯಲ್ಲಿ ಬೆಳಕು ಕಾಣುತ್ತದಾ ಎಂದು ಒಮ್ಮೆ ನೋಡಲು ಮನೆಯವರಿಗೆ ಹೇಳಿಡಿ.